ಬೆದರುವ ಕುದುರೆಯೂ ನಮ್ಮ ಸಂತೋಷವೂ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳಲ್ಲಿ ದೀಪಾವಳಿಗೂ ಮದುವೆಯ ಮೆರವಣಿಗೆಗೂ ಬಾಣಬಿರುಸುಗಳನ್ನು ಸುಡುವದು ವಾಡಿಕೆ. ಮದುಮಗನನ್ನು ಕುದುರೆಯ ಮೇಲೆ ಕುಳ್ಳಿರಿಸಿ ಊರೊಳಗೆ ಮೆರೆಸುವದೂ ಉಂಟು. ಅದರ ಎದುರಿಗೇ ಪಟಾಕಿಯ ಸರಕ್ಕೆ ಬೆಂಕಿ ಹಚ್ಚಿದರೆ ಕುದುರೆಯು ಕಿವಿ ನಿಗುರಿಸಿ, ಕಣ್ಣರಳಿಸಿ ಹಿಂದಕ್ಕೆ ಸರಿಯುತ್ತದೆ. ಹಿಡಿದವನು ಲಗಾಮನ್ನು ಜಗ್ಗುತ್ತಾನೆ; ನೋಡುವವರು ನಗುತ್ತಾರೆ. ಈ ನಗುವು ನ್ಯಾಯವೋ ಎಂಬದನ್ನು ಸ್ವಲ್ಪ ಆಲೋಚಿಸೋಣ.

ಎತ್ತಿಗೆ ಕೊಂಬುಂಟು, ನಾಯಿಗೆ ಹಲ್ಲುಂಟು; ಕುದುರೆಗಾದರೋ ಓಟವೇ ಮುಖ್ಯ ರಕ್ಷಣೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವದರಿಂದ ಸುತ್ತಲಿನ ಬಹುಭಾಗವೆಲ್ಲ ಅದಕ್ಕೆ ಒಮ್ಮೆಗೇ ಕಾಣುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳ ಧ್ವನಿಯ ವರೆಗೆ ಕೇಳಿಸಿದರೆ ಕುದುರೆಗೆ ೩೦,೦೦೦ಕ್ಕೂ ಮೇಲಿನದು ಕೇಳಿಸುತ್ತದೆ. ಅಪಾಯದ ಸುಳಿವು ಸಿಕ್ಕ ಕೂಡಲೆ ಓಡಬೇಕೆಂಬದು ಅದರ ಹುಟ್ಟುಗುಣ. ಆದದರಿಂದ ಬೆದರುವದು ಅದರ ಹಟವಲ್ಲ, ದುರ್ಗುಣವೂ ಅಲ್ಲ.

ಬತ್ತಿಗೆ ಬೆಂಕಿ ಮುಟ್ಟಿಸುವವನಿಗೆ ಅದು ಯಾವಾಗ ಸಿಡಿಯುವದು, ಯಾವಾಗ ಮುಗಿಯುವದು ಎಂಬದು ತಿಳಿದದೆ. ಕುದುರೆಗೆ ಇವೆರಡೂ ತಿಳಿಯವು. ಅದಲ್ಲದೆ ಹಗ್ಗವಿಲ್ಲದಿದ್ದರೆ ಅದು ಓಡಿಹೋಗಿ ತನ್ನನ್ನು ಕಾಪಾಡಿಕೊಳ್ಳುತ್ತಿತ್ತು. ನಾವು ಅದನ್ನು ಕಟ್ಟಿದೆವು. ಅದಕ್ಕಿದ್ದ ರಕ್ಷಣೆಯನ್ನು ನಾವೇ ತೆಗೆದೆವು. ಹಾಗಾದರೆ ಅದಕ್ಕೆ ಬದಲಾಗಿ ರಕ್ಷಣೆ ಕೊಡಬೇಕಾದವರು ಯಾರು? ಕಟ್ಟಿದವರೇ ಅಲ್ಲವೇ?

ಇದಕ್ಕೆ ಕೆಲವರು, "೧೮೨೪ನೇ ಅಕ್ಟೋಬರ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಯುದ್ಧ ನಡೆದ ಸೀಮೆಯವರು ನಾವು. ದಂಡಿನ ಕುದುರೆಗಳು ತೋಪಿನ ಸದ್ದಿಗೂ ನಿಲ್ಲುತ್ತಿದ್ದವಷ್ಟೆ" ಎಂದು ಹೇಳಬಹುದು. ನಿಜ, ಆದರೆ ಅವುಗಳಿಗೆ ಮೊದಲು ದೂರದ ಸಣ್ಣ ಸದ್ದು, ಆಮೇಲೆ ಹತ್ತಿರದ ದೊಡ್ಡ ಸದ್ದು, ಹೀಗೆ ಮೆಲ್ಲಮೆಲ್ಲನೆ ರೂಢಿ ಮಾಡಿಸುತ್ತಿದ್ದರು. ನಾವು ಆ ಶ್ರಮವೊಂದನ್ನೂ ಪಡದೆ ಅದರ ಫಲವನ್ನು ಮಾತ್ರ ಬಯಸುವದು ಹೇಗೆ?

ಇನ್ನೊಂದು ಮಾತುಂಟು. ಬಾಡಿಗೆಗೆ ಕುದುರೆ ತರುವವನು ಬಡವನು. ಬೀಗರ ಗುಂಪಿನೆದುರಿಗೆ "ಬೇಡಿರಿ" ಎನ್ನಲು ಅವನಿಗೆ ಧೈರ್ಯ ಸಾಲದು. ಅಂದಿನ ಕೂಲಿ ತಪ್ಪೀತೆಂಬ ಭಯದಿಂದ ಅವನೂ ಸುಮ್ಮನಿರುತ್ತಾನೆ. ಆದಕಾರಣ ಬೇಡವೆನ್ನುವ ಭಾರವು ಹಣ ಕೊಡುವ ಯಜಮಾನನ ಮೇಲೆಯೇ ಇದೆ. ಅವನ ಒಂದು ಮಾತಿನಿಂದ ಕುದುರೆಯೂ, ಅದರ ಮೇಲೆ ಕುಳಿತವನೂ, ಪಕ್ಕದಲ್ಲಿ ನಡೆಯುವ ಮಕ್ಕಳೂ ಸುರಕ್ಷಿತರಾಗುವರು.

ಮಾಡತಕ್ಕದ್ದು ಕಷ್ಟವಾದದ್ದಲ್ಲ. ಮೆರವಣಿಗೆಯಲ್ಲಿ ಕುದುರೆಯಿದ್ದರೆ ಪಟಾಕಿ ಬೇಡ. ಪಟಾಕಿ ಬೇಕೇ ಆದರೆ ಕುದುರೆಯನ್ನು ಮೊದಲೇ ದೂರ ಕಳುಹಿಸಿರಿ. ಹಬ್ಬದ ರಾತ್ರಿ ಅದು ಪರಿಚಿತವಾದ ಲಾಯದಲ್ಲಿ, ಜೊತೆಯ ಪ್ರಾಣಿಯ ಬಳಿಯಲ್ಲಿ ಇರಲಿ. ಒಳಗೆ ವಿದ್ಯುದ್ದೀಪ ಉರಿಯುತ್ತಿದ್ದರೆ ಹೊರಗಿನ ಮಿಂಚು ಅಷ್ಟಾಗಿ ಕಣ್ಣಿಗೆ ಹೊಡೆಯದು. ಮೇವೂ ನೀರೂ ಸಾಕಷ್ಟಿರಲಿ. ಮೊಳೆ, ತಂತಿ ಮುಂತಾದ ಚುಚ್ಚುವ ವಸ್ತುಗಳನ್ನು ತೆಗೆದುಬಿಡಿರಿ. ಸಾಕಿದವನು ಸಮೀಪದಲ್ಲಿದ್ದು ಮೆಲುದನಿಯಿಂದ ಮಾತಾಡಲಿ. ಬೆದರಿದ್ದಕ್ಕೆ ಹೊಡೆಯಬಾರದು, ಯಾಕಂದರೆ ಹೊಡೆತವು ಭಯವನ್ನು ಹೆಚ್ಚಿಸುತ್ತದೆ. ಬಹಳವಾಗಿ ಬೆದರುವ ಕುದುರೆಯ ವಿಷಯವಾಗಿ ಪಶುವೈದ್ಯರನ್ನು ಮುಂಚಿತವಾಗಿ ಕೇಳತಕ್ಕದ್ದು. ಪಟಾಕಿ ಹಚ್ಚುವ ನೆರೆಯವರು ವೇಳೆಯನ್ನು ಮೊದಲೇ ತಿಳಿಸಿದರೆ ಅದೇ ದೊಡ್ಡ ಉಪಕಾರ.

ಪ್ರಾಣಿಯನ್ನು ವಶದಲ್ಲಿಟ್ಟುಕೊಂಡವನು ಅದರ ಕ್ಷೇಮವನ್ನು ನೋಡತಕ್ಕದ್ದೆಂದು ೧೯೬೦ನೇ ಇಸವಿಯ ಕಾನೂನು ವಿಧಿಸುತ್ತದೆ. ಆದರೆ ಪ್ರತಿಯೊಂದು ಓಣಿಗೂ ಕಾನೂನು ಬಂದು ನಿಲ್ಲಲಾರದು. ನಾವಾದರೋ ಅಲ್ಲಿ ನಿಂತಿರುತ್ತೇವೆ. ಮುಂದಿನ ಮೆರವಣಿಗೆಯಲ್ಲಿ ಕಡ್ಡಿ ಗೀರುವ ಮುಂಚೆ ಒಮ್ಮೆ ಕುದುರೆಯ ಕಿವಿಗಳನ್ನು ನೋಡಿರಿ. ಅದು ಬಾಯಿಂದ ಹೇಳಲಾರದ್ದನ್ನು ಅವು ತಿಳಿಸುತ್ತವೆ.