ದೈವದ ಪಾಲೆಷ್ಟು? ಹಿಮದಲ್ಲಿ ನಿಂತ ಪಂಪಿನ ವಿಚಾರ

ಅಮೆರಿಕದ ಮಿನೆಸೋಟ, ವರ್ಮಾಂಟ್, ಕೆನಡಾದ ಒಂಟಾರಿಯೊ ಮುಂತಾದ ಕಡೆ ಊರಾಚೆ ಮನೆ ಮಾಡಿಕೊಂಡವರಿಗೆ ಜನವರಿ ತಿಂಗಳಲ್ಲಿ ಸಣ್ಣ ಟ್ರ್ಯಾಕ್ಟರು ಬೇಸಾಯದ ಸಲಕರಣೆಗಿಂತ ಹೆಚ್ಚಿನದು. ರಾತ್ರಿ ಬಿದ್ದ ಹಿಮವನ್ನು 25–40 ಅಶ್ವಶಕ್ತಿಯ ಆ ಯಂತ್ರದ ಲೋಡರ್ ಎತ್ತಿ ಬದಿಗೆ ಹಾಕಿದರೆ ಮಾತ್ರ ಮನೆಯಿಂದ ರಸ್ತೆಗೆ ದಾರಿ. ಇಲ್ಲದಿದ್ದರೆ ಶಾಲೆಯ ಬಸ್ಸಿಗೆ ಮಕ್ಕಳು ಹೋಗುವಂತಿಲ್ಲ, ಮನೆಯಲ್ಲಿ ಕಾಯಿಲೆಯವರಿದ್ದರೆ ಆಂಬುಲೆನ್ಸ್ ಬರುವಂತಿಲ್ಲ. ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿದ ಒಂದು ಬೆಳಗ್ಗೆ ಎಂಜಿನ್ ಶುರುವಾಗುತ್ತದೆ, ಆದರೆ ಲಿವರ್ ಎಳೆದರೆ ಲೋಡರಿನ ತೋಳು ಮೇಲೇಳುವುದಿಲ್ಲ. ಎಣ್ಣೆಯ ಒತ್ತಡದಿಂದ ಆ ತೋಳನ್ನು ಎತ್ತುವ ಹೈಡ್ರಾಲಿಕ್ ಪಂಪಿನ ಕಡೆಯಿಂದ ಗೋಳಿಡುವಂಥ ಸದ್ದು ಬರುತ್ತದೆ. ‘ಚಳಿ ಪಂಪನ್ನು ತಿಂದುಹಾಕಿತು’ ಎಂಬ ಮಾತು ಆಗ ತಾನಾಗಿ ಬಾಯಿಗೆ ಬರುತ್ತದೆ. ನಮ್ಮ ಕಡೆ ಇಂಥದ್ದು ನಡೆದರೆ ‘ಗ್ರಹಚಾರ’ ಅನ್ನುತ್ತೇವೆ. ಎರಡು ಮಾತುಗಳ ಹಿಂದಿರುವ ನಂಬಿಕೆ ಒಂದೇ: ಮನುಷ್ಯನ ಕೈಗೆ ಸಿಗದ ಯಾವುದೋ ಶಕ್ತಿ ಬಂದು ಕೆಲಸ ಕೆಡಿಸಿತು. ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂದು ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರ ಭೀಷ್ಮನನ್ನು ಕೇಳುತ್ತಾನೆ. ಆ ಹಳೆಯ ಪ್ರಶ್ನೆಗೆ ಈ ಪಂಪು ಒಳ್ಳೆಯ ಸಾಕ್ಷಿ, ಏಕೆಂದರೆ ಇಲ್ಲಿ ಕಾರಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಬಹುದು. ಬಿಚ್ಚಿ ನೋಡಿದರೆ ದೈವ ಪ್ರಯತ್ನದ ಎದುರಾಳಿಯಾಗಿ ಕಾಣುವುದಿಲ್ಲ. ನಮ್ಮ ಕೈಯಲ್ಲಿದ್ದು ಈಗ ಕೈದಾಟಿ ಹೋದ ಕಾರಣಗಳಿಗೂ, ಎಂದೂ ನಮ್ಮ ಕೈಗೆ ಬರದಿದ್ದ ಕಾರಣಗಳಿಗೂ ಒಟ್ಟಾಗಿ ಇಟ್ಟ ಹೆಸರು ಅದು. ವಿಚಾರಣೆ ಮುಗಿಸಿದವರಿಗೆ ಮಾತ್ರ ಆ ಹೆಸರೆತ್ತುವ ಹಕ್ಕಿದೆ ಎಂಬುದು ಈ ಬರಹದ ವಾದ.

ಮೊದಲು ಪಂಪು ಏಕೆ ಸೋಲುತ್ತದೆ ಎಂಬುದನ್ನು ನೋಡೋಣ. ಇಂಥ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಗೇರ್ ಪಂಪ್: ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ತಿರುಗುವ ಎರಡು ಗೇರುಗಳು ಎಣ್ಣೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುತ್ತವೆ. ಪಂಪು ಎಣ್ಣೆಯನ್ನು ಎಳೆದುಕೊಳ್ಳುತ್ತದೆ ಎಂದು ನಾವು ಹೇಳಿದರೂ ನಿಜದಲ್ಲಿ ಅದು ಮಾಡುವುದು ತನ್ನ ಬಾಯಲ್ಲಿ ಜಾಗ ಖಾಲಿ ಮಾಡುವುದಷ್ಟೇ. ಎಣ್ಣೆಯನ್ನು ಒಳಕ್ಕೆ ದೂಡುವುದು ಹೊರಗಿನ ಗಾಳಿಯ ಭಾರ. ಇದನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಪ್ರಮುಖ ಬ್ಲೇಸ್ ಪಾಸ್ಕಲ್. ನಿಸರ್ಗಕ್ಕೆ ಶೂನ್ಯವೆಂದರೆ ಆಗದು, ಆದ್ದರಿಂದಲೇ ಪಂಪಿನಲ್ಲಿ ನೀರು ಏರುತ್ತದೆ ಎಂದು ಯುರೋಪಿನ ಪಂಡಿತರು ಶತಮಾನಗಳ ಕಾಲ ನಂಬಿದ್ದರು. ಎಂದರೆ ನಿಸರ್ಗಕ್ಕೊಂದು ಮನಸ್ಸನ್ನೂ ಅಸಹ್ಯವನ್ನೂ ಕೊಟ್ಟು ಅಲ್ಲಿಗೆ ವಿಚಾರಣೆ ನಿಲ್ಲಿಸಿದ್ದರು. 1648ರ ಸೆಪ್ಟೆಂಬರ್ 19ರಂದು ಪಾಸ್ಕಲನ ಭಾವ ಪೆರಿಯೆ, ಪಾಸ್ಕಲ್ ಹೇಳಿಕೊಟ್ಟಂತೆ, ಫ್ರಾನ್ಸಿನ ಪ್ವಿ ದ ಡೋಮ್ ಬೆಟ್ಟದ ಬುಡದಲ್ಲೂ ತುದಿಯಲ್ಲೂ ಪಾದರಸದ ಕೊಳವೆ ಇಟ್ಟು ಅಳೆದ. ತುದಿಯಲ್ಲಿ ಪಾದರಸ ಸುಮಾರು ಮೂರು ಇಂಚು ಕೆಳಗಿಳಿದಿತ್ತು. ನಿಸರ್ಗದ ಅಸಹ್ಯ ಬೆಟ್ಟ ಹತ್ತಿದಂತೆ ಕಡಿಮೆಯಾಗಲು ಕಾರಣವಿಲ್ಲ. ಮೇಲಿರುವ ಗಾಳಿ ಕಡಿಮೆಯಾಗುತ್ತದೆ, ಅದರ ಭಾರವೂ ಕಡಿಮೆಯಾಗುತ್ತದೆ. ಲೋಡರಿನ ಸಿಲಿಂಡರಿನಲ್ಲಿ ದುಡಿಯುವುದೂ ಅದೇ ಪಾಸ್ಕಲನ ಹೆಸರಿನ ನಿಯಮ. ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ದ್ರವಗಳ ಕುರಿತ ಅವನ ಪ್ರಬಂಧ ಅಚ್ಚಾಯಿತು.

ಗಾಳಿಯ ದೂಡುವ ಬಲಕ್ಕೆ ಮಿತಿಯಿದೆ. ಸಮುದ್ರಮಟ್ಟದಲ್ಲಿ ಅದು ಸುಮಾರು ಒಂದು ಬಾರ್. ಪಂಪು ಹೊರಬಾಯಲ್ಲಿ ನೂರಕ್ಕೂ ಹೆಚ್ಚು ಬಾರ್ ಒತ್ತಡಕ್ಕೆ ದುಡಿದರೂ ಒಳಬಾಯಿಗೆ ಎಣ್ಣೆ ಬರುವುದು ಈ ಒಂದೇ ಬಾರಿನ ಕೃಪೆಯಿಂದ. ಚಳಿಯಲ್ಲಿ ಎಣ್ಣೆ ಮಂದವಾಗಿ ನಿಧಾನಿಸುತ್ತದೆ. ಅದರ ಜೊತೆ ನೀರು ಸೇರಿದ್ದರೆ ಕಷ್ಟ ಇಮ್ಮಡಿ. ಈ ನೀರು ಒಂದೇ ದಿನ ಬಂದದ್ದಲ್ಲ. ಕೆಲಸ ಮಾಡುವಾಗ ಬಿಸಿಯಾಗಿ ನಿಂತಾಗ ತಣ್ಣಗಾಗುವ ಎಣ್ಣೆಯ ಪೆಟ್ಟಿಗೆ ಉಸಿರುಕಿಂಡಿಯ ಮೂಲಕ ತೇವದ ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತಲೇ ಇರುತ್ತದೆ. ಆ ತೇವ ಒಳಗೋಡೆಗೆ ಹನಿಯಾಗಿ ಕಟ್ಟಿ ಎಣ್ಣೆಗೆ ಇಳಿಯುತ್ತದೆ. ಗಿಯರ್ ಲಿವರಿನ ರಬ್ಬರು ಹರಿದಿದ್ದರೆ ಮಳೆನೀರೂ ಸೇರುತ್ತದೆ. ಬೇಸಗೆಯಲ್ಲಿ ಲೋಡರ್ ಏನೂ ಆಗದಂತೆ ಏಳುತ್ತದೆ, ಇಳಿಯುತ್ತದೆ. ಹಿಮ ಕಟ್ಟುವ ಚಳಿ ಬಂದಾಗ ತಳದಲ್ಲಿ ನಿಂತ ನೀರು ಹರಳುಗಟ್ಟಿ, ಪಂಪಿಗೆ ಹೋಗುವ ದಾರಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಆಗ ಪಂಪು ಹಸಿಯುತ್ತದೆ. ಒಳಬಾಯಲ್ಲಿ ಒತ್ತಡ ಕುಸಿದು ಗುಳ್ಳೆಗಳೇಳುತ್ತವೆ. ಅವು ಒತ್ತಡದ ಬದಿಗೆ ಹೋದಾಗ ಒಡೆದು ಲೋಹವನ್ನು ಚೂರುಚೂರೇ ಕಿತ್ತುಹಾಕುತ್ತವೆ. ಬೆಳಗಿನ ಆ ಗೋಳಿನ ಸದ್ದು ಇದರದು. ಅರ್ಧ ಗಂಟೆ ಎಂಜಿನ್ ಓಡಿ ಪೆಟ್ಟಿಗೆ ಬೆಚ್ಚಗಾದರೆ ಹರಳು ಕರಗಿ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಹಾಗೆ ಕಾಣುವುದೇ ಅಪಾಯ, ಏಕೆಂದರೆ ಪ್ರತಿ ಬೆಳಗ್ಗೆಯ ಆ ಹಸಿವು ಪಂಪಿನ ಆಯುಷ್ಯವನ್ನು ಸವೆಸುತ್ತಲೇ ಇರುತ್ತದೆ.

ಈಗ ಕಾರಣ ಯಾವುದು ಎಂದು ಕೇಳೋಣ. ನಮ್ಮ ತರ್ಕಪರಂಪರೆಯಾದ ನ್ಯಾಯಶಾಸ್ತ್ರದವರು ಈ ಪ್ರಶ್ನೆಯನ್ನು ಬಹಳ ಎಚ್ಚರದಿಂದ ಕೈಗೆತ್ತಿಕೊಂಡರು. ಕಾರ್ಯಕ್ಕೆ ಮೊದಲು ಇದ್ದ ಮಾತ್ರಕ್ಕೆ ಒಂದು ವಸ್ತು ಕಾರಣವಾಗದು. ಅದು ತಪ್ಪದೆ ಇರಬೇಕು, ಅದಿಲ್ಲದೆ ಕಾರ್ಯ ಆಗಬಾರದು. ಮಡಕೆಗೆ ಮಣ್ಣು, ಕುಂಬಾರ, ಚಕ್ರ, ಕೋಲು ಕಾರಣ. ಮಣ್ಣು ಹೊತ್ತು ತಂದ ಕತ್ತೆ ಅಲ್ಲೇ ನಿಂತಿದ್ದರೂ ಕಾರಣವಲ್ಲ, ಅದು ಅನ್ಯಥಾಸಿದ್ಧ, ಎಂದರೆ ಇದ್ದೂ ಕಾರ್ಯಕ್ಕೆ ಬೇಕಿಲ್ಲದ್ದು. ನಮ್ಮ ಪಂಪಿನ ಸುತ್ತಲೂ ಇಂಥ ಕತ್ತೆಗಳು ಬೇಕಾದಷ್ಟಿವೆ: ನಿನ್ನೆ ಟ್ರ್ಯಾಕ್ಟರನ್ನು ಎರವಲು ಒಯ್ದವರು, ಹಿಂದಿನ ದಿನದ ಅಮಾವಾಸ್ಯೆ, ಯಾರದೋ ಕಣ್ಣು. ಇವನ್ನು ಬದಿಗಿಡುವುದು ಸುಲಭ. ಆದರೆ ಚಳಿ ಕತ್ತೆಯ ಸಾಲಿಗೆ ಸೇರದು. ಅದೇ ಚಳಿಯಲ್ಲಿ ಪಕ್ಕದ ಹೊಲದ ಟ್ರ್ಯಾಕ್ಟರ್ ಹಿಮ ಎತ್ತುತ್ತಿದೆ, ಆದ್ದರಿಂದ ಚಳಿಯೊಂದೇ ಕಾರಣವಲ್ಲ. ಆಗಸ್ಟಿನಲ್ಲಿ ಎಣ್ಣೆಯಲ್ಲಿ ಇಷ್ಟೇ ನೀರಿದ್ದರೂ ಲೋಡರ್ ಏಳುತ್ತಿತ್ತು, ಆದ್ದರಿಂದ ನೀರೊಂದೇ ಕಾರಣವೂ ಅಲ್ಲ. ಅನ್ವಯ ವ್ಯತಿರೇಕ ಹಿಡಿದು, ಎಂದರೆ ಇದ್ದಾಗ ಆಗುವುದನ್ನೂ ಇಲ್ಲದಾಗ ಆಗದಿರುವುದನ್ನೂ ಹೋಲಿಸಿ ನೋಡಿದರೆ ಎರಡೂ ಕೂಡಿದಾಗಲೇ ಕೇಡು. ಚಳಿ ಸಹಕಾರಿ ಕಾರಣ. ಅದು ಸುಳ್ಳು ಕಾರಣವಲ್ಲ, ಪೂರ್ತಿ ಕಾರಣವೂ ಅಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಎರಡೂ ಸಮಾನವಾಗಿ ಕಾರಣವಾದರೆ ನೀರನ್ನೇ ಎತ್ತಿ ಹೇಳುವುದೇಕೆ? ನಮಗೆ ತಿದ್ದಲು ಬರುವುದನ್ನು ಕಾರಣವೆಂದು ಕರೆದು, ಬಾರದ್ದನ್ನು ಹಿನ್ನೆಲೆಗೆ ತಳ್ಳುವುದು ಅನುಕೂಲವಾದೀತು, ಸತ್ಯವಾಗದು. ಈ ಆಕ್ಷೇಪದ ಮೊದಲ ಅರ್ಧವನ್ನು ಒಪ್ಪಲೇಬೇಕು: ಕಾರಣಗಳ ಪಟ್ಟಿಯನ್ನು ಸತ್ಯ ನಿರ್ಣಯಿಸುತ್ತದೆ, ನಮ್ಮ ಅನುಕೂಲವಲ್ಲ. ಆದರೆ ಆ ಪಟ್ಟಿಯಲ್ಲಿ ನನ್ನ ಹೊಣೆ ಎಷ್ಟು ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೂ ಸತ್ಯವಾದ ಉತ್ತರವಿದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವ ಕರ್ಮಕ್ಕೂ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ (ಆಶ್ರಯ), ಕರ್ತೃ (ಮಾಡುವವನು), ಕರಣ (ಸಾಧನ), ಚೇಷ್ಟೆ (ಕ್ರಿಯೆ), ಕೊನೆಗೆ ದೈವ. ದೈವ ಪಟ್ಟಿಯಲ್ಲಿದೆ, ಐದನೆಯದಾಗಿ ಇದೆ, ಉಳಿದ ನಾಲ್ಕನ್ನು ನುಂಗದೆ ಇದೆ. ನಾನೊಬ್ಬನೇ ಕರ್ತೃವೆಂದು ತಿಳಿದವನ ಕಾಣ್ಕೆ ಕುರುಡು ಎಂದೂ ಅದೇ ಅಧ್ಯಾಯ ಹೇಳುತ್ತದೆ. ಎಲ್ಲವನ್ನೂ ಚಳಿಯ ತಲೆಗೆ ಕಟ್ಟುವವನು ಮೊದಲ ನಾಲ್ಕನ್ನು ಅಳಿಸುತ್ತಾನೆ. ಎಲ್ಲ ನನ್ನ ತಪ್ಪೇ ಎಂದು ಎದೆ ಬಡಿದುಕೊಳ್ಳುವವನು ಐದನೆಯದನ್ನು ಅಳಿಸುತ್ತಾನೆ. ಇಬ್ಬರ ಲೆಕ್ಕವೂ ತಪ್ಪು. ಶರತ್ಕಾಲದಲ್ಲಿ ಎಣ್ಣೆ ಬದಲಿಸುವುದು ಯಾರ ಕೈಯಲ್ಲಿತ್ತೋ ಅವರಿಗೆ ಅಷ್ಟರ ಹೊಣೆಯಿದೆ, ಉತ್ತರಧ್ರುವದಿಂದ ಇಳಿದು ಬಂದ ಗಾಳಿಯ ಹೊಣೆಯಿಲ್ಲ.

ಯೋಗವಾಸಿಷ್ಠ ಇನ್ನೂ ಮುಂದೆ ಹೋಗುತ್ತದೆ. ದೈವವೆಂಬುದು ಬೇರೆ ಇಲ್ಲ, ಹಿಂದೆ ನಾವೇ ಮಾಡಿದ ಪೌರುಷ ಫಲ ಕೊಡಲು ಬಂದು ನಿಂತಾಗ ಅದನ್ನೇ ದೈವವೆನ್ನುತ್ತೇವೆ ಎಂದು ವಸಿಷ್ಠರು ರಾಮನಿಗೆ ತಿಳಿಹೇಳುತ್ತಾರೆ. ಜನವರಿಯ ಪಂಪಿಗೆ ಈ ಮಾತು ಎಷ್ಟು ಚೆನ್ನಾಗಿ ಹೊಂದುತ್ತದೆ! ಜಾಲರಿಗೆ ಮೆತ್ತಿದ ಹಿಮದ ಹರಳು ಆಗಸ್ಟ್‌ನಿಂದ ಕೂಡುತ್ತಾ ಬಂದ ಉದಾಸೀನದ ಫಲ. ಈಗ ಅದು ಕೈಮೀರಿದೆ, ಆದ್ದರಿಂದ ವಿಧಿಯ ಹಾಗೆ ಕಾಣುತ್ತಿದೆ. ಹಾಗಿದ್ದರೂ ಈ ಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪಲು ಆಗದು. ಟ್ರ್ಯಾಕ್ಟರನ್ನು ಹೋದ ನವೆಂಬರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವರು ಹಿಂದಿನ ಯಜಮಾನನ ಉದಾಸೀನವನ್ನು ಹೊತ್ತಿರುತ್ತಾರೆ. ಎರಕದಲ್ಲೇ ಉಳಿದ ಒಂದು ಬಿರುಕು ಎಷ್ಟು ಜೋಪಾನ ಮಾಡಿದವರಿಗೂ ಕೈಕೊಡುತ್ತದೆ. ಎಣ್ಣೆ ಬದಲಿಸಬೇಕೆಂದು ಗೊತ್ತಿದ್ದೂ ಆ ತಿಂಗಳು ಔಷಧಿಗೆ ದುಡ್ಡು ಹೋಗಿ ಬದಲಿಸಲಾಗದವರೂ ಇದ್ದಾರೆ. ಇವರಿಗೆ ‘ನಿಮ್ಮ ಪೌರುಷದ ಫಲ’ ಎನ್ನುವುದು ಸತ್ಯವೂ ಅಲ್ಲ, ಧರ್ಮವೂ ಅಲ್ಲ. ವಾಸಿಷ್ಠದ ಮಾತು ನನ್ನ ಕಡೆಗೆ ತಿರುಗಿದಾಗ ಆತ್ಮಪರೀಕ್ಷೆ. ಅದೇ ಮಾತು ಹಿಮದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬರ ಕಡೆಗೆ ತಿರುಗಿದರೆ ಕ್ರೌರ್ಯ. ಕರ್ಮಸಿದ್ಧಾಂತ ನಮ್ಮ ನಾಡಿನಲ್ಲಿ ಮಾಡಿರುವ ಅನ್ಯಾಯದಲ್ಲಿ ಬಹುಪಾಲು ಈ ದಿಕ್ಕು ತಪ್ಪಿದ್ದರಿಂದಲೇ ಆದದ್ದು.

ದೈವದ ಪಾಲು ಉಂಟೇ ಇಲ್ಲವೇ ಎಂಬುದನ್ನು ತಿಳಿಯಲು ಇರುವುದು ಒಂದೇ ಮಾರ್ಗ: ಉಳಿದ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ಒಳ್ಳೆಯ ಮೆಕ್ಯಾನಿಕ್ ಇದನ್ನು ಶ್ರದ್ಧೆಯಿಂದ ಮಾಡುತ್ತಾನೆ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ಎಣ್ಣೆಯ ಮಟ್ಟ ನೋಡುತ್ತಾನೆ, ಬಣ್ಣ ನೋಡುತ್ತಾನೆ. ಚೆನ್ನಾಗಿರುವ ಎಣ್ಣೆಗೆ ತಿಳಿ ಜೇನಿನ ಹೊಳಪು. ನೀರು ಬೆರೆತದ್ದು ಹಾಲು ಹಾಕಿದ ಕಾಫಿಯಂತೆ ಕದಡಿರುತ್ತದೆ. ಅನುಮಾನವಿದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಬಿಡುತ್ತಾನೆ, ನೀರಿದ್ದರೆ ಅದು ಚಟಪಟ ಸಿಡಿಯುತ್ತದೆ. ಆಮೇಲೆ ಜಾಲರಿ, ಫಿಲ್ಟರ್, ಗಾಳಿ ಎಳೆಯುವ ಸಡಿಲ ಕೊಳವೆ, ರಿಲೀಫ್ ವಾಲ್ವ್. ಇವೆಲ್ಲ ಆದ ಮೇಲೆ ಗೇಜು ಹಾಕಿ ಒತ್ತಡ ಅಳೆದು ಪಂಪಿನ ಗತಿಯನ್ನು ತೀರ್ಮಾನಿಸುತ್ತಾನೆ. ಅವಸರದವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಸದ್ದು ಕೇಳಿದೊಡನೆ ಹೊಸ ಪಂಪು ತರಿಸಿ ಅದೇ ಕದಡಿದ ಎಣ್ಣೆಗೆ ಕೂರಿಸುತ್ತಾರೆ, ಅದೂ ಅದೇ ಹಸಿವಿನಲ್ಲಿ ಸವೆಯುತ್ತದೆ. ಎಂಜಿನ್ನಿಗೆ ರಾತ್ರಿಯಿಡೀ ಬ್ಲಾಕ್ ಹೀಟರ್ ಹಾಕಿ ನೆಮ್ಮದಿಯಿಂದ ಮಲಗುವವರೂ ಇದ್ದಾರೆ. ಅದು ಎಂಜಿನ್ನನ್ನು ಬೆಚ್ಚಗಿಡುತ್ತದೆ, ಹಿಂಬದಿಯ ಪೆಟ್ಟಿಗೆಯಲ್ಲಿರುವ ಪಂಪಿನ ಎಣ್ಣೆ ಕೊರೆಯುತ್ತಲೇ ಇರುತ್ತದೆ. ಎಲ್ಲಿ ನೋಡಬೇಕೋ ಅಲ್ಲಿ ನೋಡದ ಭಕ್ತಿಗೂ ಪ್ರಯತ್ನಕ್ಕೂ ಬರುವ ಫಲ ಒಂದೇ ತರಹದ್ದು.

ಭಕ್ತರ ಕಡೆಯಿಂದಲೂ ಒಂದು ಆಕ್ಷೇಪ ಬರುತ್ತದೆ. ಹೀಗೆ ಪ್ರತಿಯೊಂದಕ್ಕೂ ಕಾರಣ ಹುಡುಕುತ್ತಾ ಹೋದರೆ ದೇವರಿಗೆ ಉಳಿಯುವುದೇನು? ಪಾಸ್ಕಲನ ಬದುಕು ಇದಕ್ಕೆ ಒಂದು ಉತ್ತರ. ನಿಸರ್ಗದ ಅಸಹ್ಯವೆಂಬ ಹುಸಿ ಕಾರಣವನ್ನು ಅಳಿಸಲು ನೆರವಾದ ಆತ 1654ರ ನವೆಂಬರ್ 23ರ ರಾತ್ರಿ ತೀವ್ರವಾದ ದೈವಾನುಭವ ಪಡೆದ; ಅದನ್ನು ಬರೆದಿಟ್ಟ ಕಾಗದವನ್ನು ಸಾಯುವವರೆಗೂ ಅಂಗಿಯ ಅಸ್ತರಿನೊಳಗೆ ಹೊಲಿದುಕೊಂಡಿದ್ದ. ಗೊತ್ತಿಲ್ಲದ ಕಾರಣದ ಜಾಗದಲ್ಲಿ ದೇವರನ್ನು ಕೂರಿಸದೆ ಇರುವುದರಿಂದ ದೇವರಿಗೆ ಅಪಚಾರವಾಗುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ನಮ್ಮ ಆಯುಧಪೂಜೆಯೂ ಇದನ್ನೇ ಹೇಳುತ್ತದೆ. ಮಹಾನವಮಿಯಂದು ಟ್ರ್ಯಾಕ್ಟರು ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣು ಇಡುತ್ತೇವೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರೂ ತಮ್ಮ ವಾಹನಗಳಿಗೆ ಪೂಜೆ ಮಾಡುತ್ತಾರೆ. ಆ ಹಬ್ಬ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ; ಉತ್ತರದ ಆ ಸೀಮೆಯಲ್ಲಿ ಎಣ್ಣೆ ಬದಲಿಸಿ ಜಾಲರಿ ತೊಳೆಯಬೇಕಾದ ಕಾಲವೂ ಅದೇ. ಕರಣಕ್ಕೆ ಕೈಮುಗಿಯುವವರು ಅದರ ಒಡಲನ್ನೂ ನೋಡಬೇಕು. ಹೂವು ಏರಿಸಿ ಎಣ್ಣೆಯನ್ನು ಮರೆತರೆ ಪೂಜೆ ಅರ್ಧಕ್ಕೇ ನಿಂತಂತೆ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ದೈವಕ್ಕೆ ಒಂದು ಪಾಲು ಉಳಿಯುತ್ತದೆ. ಆ ಪಾಲಿನಲ್ಲಿ ಬರೀ ಕೇಡೇ ಇರಬೇಕಾಗಿಲ್ಲ ಎಂಬುದನ್ನು ಗ್ರಹಚಾರವೆನ್ನುವ ನಾಲಿಗೆ ಮರೆಯುತ್ತದೆ. ದೈವವೆಂದರೆ ನನ್ನ ಕೈಯಾಚೆಯ ಕಾರಣಗಳು ಎಂದಾದರೆ, ಇತರರ ಕೈಗಳೂ ಅದರಲ್ಲಿ ಸೇರುತ್ತವೆ. ಅಕ್ಟೋಬರಿನಲ್ಲಿ ಎಣ್ಣೆ ಬದಲಿಸಿಟ್ಟ ನೆರೆಯವರು ತಮ್ಮ ಲೋಡರ್ ತಂದು ನನ್ನ ದಾರಿಯ ಹಿಮ ಸರಿಸಿದರೆ, ಅವರ ಪಾಲಿಗೆ ಪುರುಷಪ್ರಯತ್ನವಾಗಿದ್ದದ್ದು ನನ್ನ ಪಾಲಿಗೆ ದೈವವಾಗಿ ಒದಗಿತು. ಹಿಂದಿನ ಯಜಮಾನನ ಉದಾಸೀನ ನನಗೆ ವಿಧಿಯಾಗಿ ಬಂದಂತೆಯೇ ಇದೂ ಬಂದಿದೆ. ಹಾಗಾದರೆ ನಾನು ಇಂದು ಮಾಡುವ ಜೋಪಾನ, ತೋರುವ ಅಸಡ್ಡೆ ಎರಡೂ ಯಾರದೋ ನಾಳೆಯ ದೈವವನ್ನು ರೂಪಿಸುತ್ತಿವೆ. ಯುಧಿಷ್ಠಿರನ ಪ್ರಶ್ನೆಗೆ ಈ ಪಂಪು ಕೊಡುವ ಉತ್ತರ ಇದು: ಎರಡರಲ್ಲಿ ಯಾವುದು ದೊಡ್ಡದು ಎಂದು ತೂಗುವ ಮೊದಲು, ಇತರರ ದೈವದಲ್ಲಿ ನಮ್ಮ ಪ್ರಯತ್ನದ ಪಾಲೆಷ್ಟು ಎಂದು ಲೆಕ್ಕ ಹಾಕಬೇಕು, ಆ ಪಾಲನ್ನು ಚಳಿ ಬರುವ ಮೊದಲೇ ಸಲ್ಲಿಸಬೇಕು.