ಪ್ರವೇಶ ಸುಲಭ, ನಿರ್ಗಮನ ದುರ್ಲಭ

ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿಗೆ, ಹೊರಬರುವ ಮಾರ್ಗ ತನಗೆ ತಿಳಿಯದೆಂಬ ಅರಿವಾದರೂ ಇದ್ದಿತು. ಇಂದು ಮೊಬೈಲಿನಲ್ಲಿ ಚಂದಾದಾರರಾಗುವ ನಮಗೆ ಅದೂ ಇರುವುದಿಲ್ಲ. ಸೇರಲು ಬೆರಳಿನ ಒಂದು ಸ್ಪರ್ಶ ಸಾಕು; ಬಿಡಹೊರಟರೆ ಪುಟದ ಮೇಲೆ ಪುಟ, ಪ್ರಶ್ನೆಯ ಮೇಲೆ ಪ್ರಶ್ನೆ. ಅಷ್ಟರಲ್ಲಿ ಮತ್ತೊಂದು ತಿಂಗಳ ಹಣ ಖಾತೆಯಿಂದ ಹೋಗಿರುತ್ತದೆ.

ಅಮೆರಿಕದ ಫೆಡರಲ್ ವ್ಯಾಪಾರ ಆಯೋಗವು 2023ರಲ್ಲಿ ಅಮೆಜಾನ್ ಸಂಸ್ಥೆಯ ಮೇಲೆ ಇಂತಹುದೇ ಆರೋಪ ಹೊರಿಸಿ ದಾವೆ ಹೂಡಿತು. ಪ್ರೈಮ್ ಸದಸ್ಯತ್ವವನ್ನು ರದ್ದುಪಡಿಸುವ ಕ್ರಮಕ್ಕೆ ಸಂಸ್ಥೆಯೊಳಗೆ 'ಇಲಿಯಡ್' ಎಂದು ಗ್ರೀಕರ ಸುದೀರ್ಘ ಯುದ್ಧಕಾವ್ಯದ ಹೆಸರೇ ಇತ್ತೆಂದು ಆಯೋಗವು ಹೇಳಿತು. 2025ರಲ್ಲಿ ಸಂಸ್ಥೆಯು, ತಪ್ಪನ್ನು ಒಪ್ಪಿಕೊಳ್ಳದೆ, 250 ಕೋಟಿ ಡಾಲರ್ ತೆರಲು ಸಮ್ಮತಿಸಿತು. ನಮ್ಮ ದೇಶದಲ್ಲಿಯೂ 2023ರ ಮಾರ್ಗಸೂಚಿಯು ಇಂತಹ ಚಂದಾ ಬಲೆಯನ್ನು 13 ವಂಚನಾಕ್ರಮಗಳಲ್ಲಿ ಒಂದೆಂದು ಎಣಿಸಿ ನಿಷೇಧಿಸಿದೆ.

ತಾನಾಗಿ ಒಪ್ಪಿ ಸೇರಿದವನಿಗೆ ಅನ್ಯಾಯವೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಅವನು ಒಪ್ಪಿದ್ದು ಸೇವೆಗೆ. ತನ್ನ ಮರೆವಿಗೂ ದಣಿವಿಗೂ ಬೆಲೆ ತೆರುವುದಕ್ಕಲ್ಲ. ಬೇಡವೆನ್ನಲು ಬಂದವನನ್ನು ದಣಿಸಿ ಪಡೆದ ಹಣವು ದಾನವಲ್ಲ, ಬೆಲೆಯೂ ಅಲ್ಲ. ಅದು ಪರಸ್ವಾಪಹರಣವೇ ಸರಿ.

ಆದರೆ ಈ ಮಾತು ವರ್ತಕರಿಗೆ ಮಾತ್ರವೆ? ಮಾಸಿಕ ವಂತಿಗೆಯನ್ನು ನಿಲ್ಲಿಸಬಯಸಿದವರನ್ನು ನಮ್ಮ ಸಂಘ-ಸಮಿತಿಗಳಲ್ಲಿ ನಾವೂ ನಾಲ್ವರೆದುರು ಸಂಕೋಚಕ್ಕೀಡುಮಾಡುವುದುಂಟು. ಬನ್ನಿರೆಂದು ಕರೆದ ಬಾಯಿಯಿಂದಲೇ, ಅದೇ ಪ್ರೀತಿಯಿಂದ, ಹೋಗಿಬನ್ನಿರೆನ್ನುವುದು ಸಜ್ಜನರ ಲಕ್ಷಣವಲ್ಲವೆ?