ತಿಥಿ ಗೊತ್ತಿಲ್ಲದವರು

ನಮ್ಮ ಮುತ್ತಜ್ಜ ಧಾರವಾಡದ ಕಡೆಯಿಂದ ತೀರ್ಥಯಾತ್ರೆಗೆ ಹೋದವರು ಮರಳಲಿಲ್ಲ. ನಾಶಿಕದ ತೀರ್ಥಪುರೋಹಿತರ 1896ರ ವಹಿಯಲ್ಲಿ ಅವರ ಸಹಿ ಸಿಕ್ಕಿತು, ಸಾವು ಸಿಗಲಿಲ್ಲ. ಜನನ-ಮರಣ ನೋಂದಣಿ ದೇಶಕ್ಕೆಲ್ಲ ಕಡ್ಡಾಯವಾದದ್ದೇ 1969ರ ಕಾಯ್ದೆಯಿಂದ.

ಪುಣೆಯ ನಮ್ಮ ಮನೆಯಲ್ಲಿ ವಂಶಾವಳಿ ಬರೆಯುವಾಗ ತಮ್ಮ ಅಂದ: "ಅಣ್ಣಾ, 1897ರ ಪ್ಲೇಗಿನ್ಯಾಗ ಅಂತ ಬರದಬಿಡು, ಯಾರ ಕೇಳ್ತಾರ?"

ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕದ ಕೈ ಏಳಲಿಲ್ಲ. ಸತ್ತವರು ಬಂದು ತಿದ್ದಲಾರರು. ಅದಕ್ಕೇ ಅಲ್ಲವೇ ನಮಗೆ ಹೆಚ್ಚು ಜೋಪಾನ ಬೇಕು? ಇಂದಿನ ಊಹೆಯೇ ಮೊಮ್ಮಕ್ಕಳಿಗೆ ಸತ್ಯವಾಗುತ್ತದೆ.

ಹಿರಿಯರು ಇದಕ್ಕೂ ದಾರಿ ಇಟ್ಟಿದ್ದಾರೆ. ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆ. ನೆನೆಯಲು ತಾರೀಖು ಗೊತ್ತಿರಲೇಬೇಕಿಲ್ಲ ಅಂತ ಅದರ ಅರ್ಥ. ಮರಣದ ಕಾಲಂ ಖಾಲಿ ಇಟ್ಟೆ. ತರ್ಪಣ ಮಾತ್ರ ತಪ್ಪಿಸಿಲ್ಲ.